ಒಂಬತ್ತನೆಯ ನಿಯಮ

ಮಂಗಳವಾರ ಸಂಜೆ, ಅಗ್ನಿಶಾಮಕ ಠಾಣೆಯ ನೆಲಮಾಳಿಗೆ.
ಶುಕ್ರವಾರ ಮೀನು ಕರಿದ ಎಣ್ಣೆಯ ವಾಸನೆ
ಮಡಿಸುವ ಕುರ್ಚಿಗಳಿಗೆ ಇನ್ನೂ ಅಂಟಿಕೊಂಡಿದೆ.
ನಾವು ಐದು ಜನ, ಒಂದು ಡಬ್ಬಿ ಡೋನಟ್,
ಹನ್ನೊಂದು ತುಂಬದ ಇಪ್ಪತ್ತಮೂರು ಹುಡುಗರು
ಏನು ತೊಡಬೇಕು, ಏನು ತೊಡಬಾರದು.

ಬರೆದುಕೊಳ್ಳುವವಳು ನಾನು, ಮಾರ್ಲೀನಾ ಹ್ರಿಂಕೊ.
ಹೆಲ್ಮೆಟ್ಟು ಎಣಿಸುವವಳು, ಜರ್ಸಿ ಒಗೆಯುವವಳು.
ಮೊನೊಂಗಹೇಲಾ ನದಿಯ ಈ ದಂಡೆಯಲ್ಲಿ ಫುಟ್ಬಾಲ್ ಅಂದರೆ
ಒದೆಯುವ ಆಟವಲ್ಲ, ಗುದ್ದುವ ಆಟ.

ಒಂದು: ಕಾಲುಚೀಲ ಕಪ್ಪು, ಮೊಣಕಾಲಿನವರೆಗೆ.
(ಕಪ್ಪೇ ಅಗ್ಗ. ಅದನ್ನು ಬರೆಯಲಿಲ್ಲ.)
ಎರಡು: ಕಿವಿಯೋಲೆ ಬೇಡ, ಟೇಪು ಸುತ್ತಿದರೂ ಬೇಡ.
ಕಳೆದ ಅಕ್ಟೋಬರಿನಲ್ಲಿ ಕ್ವಿಂಟನ್ನನ ಕಿವಿಹಾಲೆ ಹರಿದು
ಎರಡೂ ತಂಡ ಮಂಡಿಯೂರಿ ಹುಲ್ಲಲ್ಲಿ ಓಲೆ ಹುಡುಕಿದ್ದು
ಎಲ್ಲರಿಗೂ ನೆನಪಿತ್ತು.
ಮೂರು: ಸೊಂಟದ ಟವೆಲ್ಲು ಬಿಳಿ, ಒಂದೇ ಗೇಣು.
ಬಾಲದ ಹಾಗೆ ಇಳಿಬಿಟ್ಟರೆ ಹಿಡಿದೆಳೆಯುತ್ತಾರೆ.
ನಾಲ್ಕು: ತೋಳುಚೀಲ ಹಾಕಿದರೆ ಎರಡೂ ತೋಳಿಗೆ.

ಒಡೆಸ್ಸಾ ಪೆಟಿಫೋರ್ಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.
"ನನ್ನ ಮೊಮ್ಮಗನಿಗೆ ಒಂದೇ ತೋಳು ಸುಟ್ಟಿರುವುದು.
ಇನ್ನೊಂದನ್ನೂ ಸುಡಲೇ?"

ನಾಲ್ಕನ್ನು ಹೊಡೆದುಹಾಕಿದೆವು.
ಪಟ್ಟಿಯಲ್ಲಿ ಈಗಲೂ ಮೂರಾದ ಮೇಲೆ ಐದು,
ಬಿದ್ದ ಹಾಲುಹಲ್ಲಿನ ಜಾಗದಂತೆ.

ಪ್ರತಿ ನಿಯಮದಡಿ ಒಬ್ಬ ಹುಡುಗ ಕೂತಿರುತ್ತಾನೆ.
ಅವನ ಹೆಸರು ಬರೆಯುವುದಿಲ್ಲ ನಾವು,
ಆಟಗಾರರು ಎನ್ನುತ್ತೇವೆ, ಬಹುವಚನದಲ್ಲಿ.

ಐದು: ಆಟಗಾರರು ಹೆಲ್ಮೆಟ್ಟಿಗೆ ಕಪ್ಪು ಗಾಜು ಹಾಕುವಂತಿಲ್ಲ.
ಕೋಚ್ ಸ್ಟ್ರಿಪೇ ಕಾರಣ ಕೊಟ್ಟ, ಸರಿಯಾದ ಕಾರಣವೇ:
ತಲೆಗೆ ಪೆಟ್ಟು ಬಿದ್ದರೆ ಟಾರ್ಚ್ ಬಿಟ್ಟು ನೋಡಬೇಕು
ಕಣ್ಣಪಾಪೆ ಕುಗ್ಗುತ್ತದೋ ಇಲ್ಲವೋ, ಆ ಕ್ಷಣವೇ.
ಯಾರೂ ಎದುರಾಡಲಿಲ್ಲ. ನಾನೂ ಕೈಯೆತ್ತಿದೆ.

ಎಮೆಟ್ ಝೆಲಾಸ್ಕೊನ ಗದ್ದದ ಪಟ್ಟಿ
ವಾರವಾರ ಬಿಚ್ಚುವುದೂ ಅದೇ ಕೈ.
ಐವತ್ತೆರಡನೇ ನಂಬರಿನ ಹುಡುಗ. ಸೀಟಿ ಊದಿದೊಡನೆ ಅಳುತ್ತಾನೆ.
ಹೆದರಿಕೆಯಲ್ಲ, ನೋವೂ ಅಲ್ಲ,
ಕೆಲವರಿಗೆ ಬಿಸಿಲಿಗೆ ಬಂದೊಡನೆ ಸೀನು ಬರುತ್ತದಲ್ಲ,
ಹಾಗೆ.
ಅಳುತ್ತಲೇ ಓಡುತ್ತಾನೆ, ಅಳುತ್ತಲೇ ಕೆಡವುತ್ತಾನೆ,
ಕೆಡವಿದವನ ಕೈ ಹಿಡಿದು ಎಬ್ಬಿಸುವಾಗಲೂ ನಿಂತಿರುವುದಿಲ್ಲ.
ಗಾಜಿತ್ತು, ಇಷ್ಟು ದಿನ ಯಾರಿಗೂ ಕಾಣಲಿಲ್ಲ.

ಬೂಟಿನ ಬಣ್ಣಕ್ಕೆ ಇಪ್ಪತ್ತು ನಿಮಿಷ.
ಬಂಗಾರದ ಹಲ್ಲು ಬರೆದ ದಂತಕವಚಕ್ಕೆ ಹತ್ತು.
ಎಂಟನೆಯದು ಏನೆಂದು ನನ್ನ ಟಿಪ್ಪಣಿಯಲ್ಲೂ ಓದಲಾಗುತ್ತಿಲ್ಲ,
ಡೋನಟ್ಟಿನ ಸಕ್ಕರೆ.

ಒಂಬತ್ತು: ಕಣ್ಣ ಕೆಳಗಿನ ಕಾಡಿಗೆ.
"ಬೆರಳಗಲ, ನೇರ ಗೆರೆ," ಎಂದ ಸ್ಟ್ರಿಪೇ.
"ಕೆನ್ನೆಗೆಲ್ಲ ಬಳಿದುಕೊಳ್ಳೋದಕ್ಕೆ ಇದು ಹ್ಯಾಲೋವೀನ್ ಅಲ್ಲ."

ಆರು ವರ್ಷದಲ್ಲಿ ಸಭೆಯಲ್ಲಿ ಬಾಯಿಬಿಡದ ನಾನು
ಬಾಯಿಬಿಟ್ಟೆ: ಬಿಸಿಲು ಜೋರಲ್ಲವೇ,
ಎಷ್ಟು ಬೇಕೋ ಅಷ್ಟು ಹಚ್ಚಿಕೊಳ್ಳಲಿ.
"ನಮ್ಮ ಆಟ ರಾತ್ರಿ ಏಳಕ್ಕೆ, ಮಾರ್ಲೀನಾ."
ಕಂಬದ ದೀಪವೂ ಕಣ್ಣಿಗೆ ಹೊಡೆಯುತ್ತದೆ, ಎಂದೆ.
ಒಡೆಸ್ಸಾ ನನ್ನನ್ನೇ ನೋಡಿದಳು, ಸ್ವಲ್ಪ ಹೊತ್ತು.
ಆಮೇಲೆ ಕೈಯೆತ್ತಿದಳು.
ಮೂರಕ್ಕೆ ಎರಡು.

ಶನಿವಾರ ಅವನ ಎರಡೂ ಕೆನ್ನೆಗೆ ನಾನೇ ಹಚ್ಚಿದೆ,
ದವಡೆಯವರೆಗೆ, ಏನೂ ಹೇಳದೆ.
ಅವನೂ ಏನೂ ಕೇಳಲಿಲ್ಲ, ಮುಖ ಎತ್ತಿ ಹಿಡಿದ.
ಸೀಟಿ.
ಕಪ್ಪು ಕದಡಿ ಎರಡು ತೊರೆಯಾಗಿ ಇಳಿಯಿತು,
ಎದುರು ತಂಡದ ಬೆಂಚಿನಿಂದ ಯಾರೋ ಹೇಳಿದ್ದು ಕೇಳಿಸಿತು:
"ಆ ಐವತ್ತೆರಡು, ಅಬ್ಬಾ, ಎಂಥ ಮುಖ!"

ಮುಂದಿನ ವಾರ ಹದಿನಾಲ್ಕು ಹುಡುಗರು
ಕನ್ನಡಿ ಮುಂದೆ ನಿಂತು ಅದೇ ತೊರೆ ಬಿಡಿಸಿಕೊಂಡರು,
ಕಣ್ಣಿಂದ ದವಡೆಗೆ, ನಾಲಿಗೆ ಕಚ್ಚಿ, ಬಹು ಎಚ್ಚರದಿಂದ.

ಭಾನುವಾರ ಬಕೆಟ್ಟಿನಲ್ಲಿ
ಹದಿನೈದು ಜರ್ಸಿಯ ತೋಳಂಚೂ ಕಪ್ಪು.
ಬರೆದದ್ದು ಯಾವುದು, ಹರಿದದ್ದು ಯಾವುದು,
ಸೋಪಿಗೆ ಗೊತ್ತಾಗಲಿಲ್ಲ.
ಎರಡು ಸಲ ಒಗೆದೆ.