ಲ್ಯಾಂಪ್ ರೂಮಿನ ಕಿಟಕಿ

ಹಟ್ಟಿಯ ಗಣಿ, ಬೆಳಗಿನ ಪಾಳಿ.
ಬಿಲ್ಲೆ ಕೊಟ್ಟು ಲ್ಯಾಂಪು ಒಯ್ಯುವವರ ಸಾಲು
ಸೈಕಲ್ ಸ್ಟ್ಯಾಂಡಿನ ತನಕ.
ಯಂಕೋಬ ಕಿಟಕಿಗೆ ಬಾಗಿದ:
"ಅಕ್ಕಾ, ನೀ ಪಿಯುಸಿ ಓದೀದಿ.
ಸಾಪೇಕ್ಷತೆ ಅಂದ್ರ ಏನು? ಮಗಳು ಕೇಳ್ಯಾಳ."

ಓದಿದ್ದು ನಿಜ.
ಫಿಜಿಕ್ಸಿನಲ್ಲಿ ಎರಡು ಸಲ ಫೇಲಾಗಿದ್ದೂ ನಿಜ.
ಹಿಂದಿನವನು ಕೆಮ್ಮಿದ, ಅವನ ಹಿಂದಿನವನು ಬೈದ.
"ಮ್ಯಾಲ ಬಾ, ಹೇಳತೀನಿ" ಅಂದೆ.
ಮುನ್ನೂರ ಹದಿನೇಳು:
ಬಿಲ್ಲೆ ನನ್ನ ಮೊಳೆಗೆ, ದೀಪ ಅವನ ತಲೆಗೆ.

ಎಂಟು ತಾಸು ಸಿಕ್ಕಿತು ಯೋಚನೆಗೆ.
ಬ್ಯಾಟರಿ ಒರೆಸುತ್ತ ಲಿಂಗಸುಗೂರಿನ ಬಸ್ಸು ಹತ್ತಿದೆ.
ಎದುರು ಸೀಟಿನ ಹುಡುಗಿ ನಿಂಬೆಹಣ್ಣು ಹಾರಿಸುತ್ತಾಳೆ,
ನೆಟ್ಟಗೆ ಮೇಲೆ, ನೆಟ್ಟಗೆ ಅಂಗೈಗೆ.
ರಸ್ತೆ ಪಕ್ಕ ಕುರಿ ಬಿಟ್ಟುಕೊಂಡು ನಿಂತವನಿಗೆ
ಅದೇ ಹಣ್ಣು ಕಮಾನು ಹಾಕಿ ಹಾರಿತು,
ನಾಲ್ಕು ಜಾಲಿ ಗಿಡ ದಾಟಿತು.
ಇಬ್ಬರೂ ಆಣೆ ಮಾಡಿ ಹೇಳುತ್ತಾರೆ.
ಇಬ್ಬರದೂ ಸುಳ್ಳಲ್ಲ.

ರಾಯಚೂರು ಸ್ಟೇಷನ್ನಿನಲ್ಲಿ ಒಮ್ಮೆ
ನಮ್ಮ ಗಾಡಿ ಹೊರಟಿತೆಂದು
ನೀರಿಗಿಳಿದ ಗಂಡನನ್ನು ಕೂಗಿ ಕೂಗಿ ಕರೆದಿದ್ದೆ.
ಹೊರಟದ್ದು ಪಕ್ಕದ ಗಾಡಿ.
ಅವರು ತುಂಬಿದ ಬಾಟಲಿ ಹಿಡಿದು, ನಿಧಾನ ಬಂದು, ನಕ್ಕರು.

ಇಷ್ಟು ಸಲೀಸು.
ತೊಡಕು ಬೆಳಕಿನದು.
ನಿಂತವನ ಲ್ಯಾಂಪೂ ಓಡಿಬರುವವನ ಲ್ಯಾಂಪೂ
ಬೆಳಕು ಕಳಿಸುವುದು ಒಂದೇ ವೇಗದಲ್ಲಿ.
ಓಟದ ಲಾಭ ಅದಕ್ಕೆ ಬೇಡ.
ಹಠಮಾರಿ ಮುದುಕ ಸೀಟಿನ ನಡುವೆ ಕೂತರೆ
ಅತ್ತ ಇತ್ತ ಉಳಿದವರೇ ಸರಿಯಬೇಕಲ್ಲ,
ಹಾಗೆ ಗಡಿಯಾರ ಸರಿಯುತ್ತದೆ, ಅಳತೆಗೋಲು ಕುಗ್ಗುತ್ತದೆ,
ಬೆಳಕಿನ ಮಾತು ನಡೆಸಲು.
ಇದನ್ನು ಯಂಕೋಬನಿಗೆ ಹೇಗೆ ಹೇಳಲಿ,
ದಿನಕ್ಕೆ ಮುನ್ನೂರು ಬೆಳಕು ಕೈದಾಟಿಸುವ ನಾನು?

ಮೂರು ಗಂಟೆ.
ಕೇಜು ಬರಲಿಲ್ಲ.
ಮೂರೂ ಹತ್ತು. ಎಲ್ಲೋ ನಡುವೆ ನಿಂತಿದೆ ಅಂದರು.
ಮೂರೂ ಇಪ್ಪತ್ತು.
ಮೊಳೆಯ ಮೇಲೆ ಹದಿನಾರು ಬಿಲ್ಲೆ.
ಮೂರೂ ಇಪ್ಪತ್ತೊಂದು ಆಗಲು
ಎಷ್ಟು ಹೊತ್ತು ಬೇಕಾಯಿತೆಂದರೆ,
ಇಲ್ಲ, ಇದು ಸಾಪೇಕ್ಷತೆ ಅಲ್ಲ.
ಇದು ಅಂಜಿಕೆ.
ಗಡಿಯಾರಕ್ಕೆ ಅಂಜಿಕೆ ಇಲ್ಲ, ಅದು ಸರಿಯಾಗಿಯೇ ನಡೆದಿತ್ತು.

ಮೂರೂ ಮೂವತ್ತೆಂಟಕ್ಕೆ ಗಂಟೆ ಬಡಿಯಿತು.
ಬೂದಿ ಮುಖ, ಬಿಳಿ ಹಲ್ಲು, ಯಂಕೋಬ ಕಿಟಕಿಗೆ ಬಾಗಿದ:
"ಅಕ್ಕಾ, ಮುಂಜಾನಿ ಇಳಿಯಾಗ ಬುತ್ತಿ ಹಗುರಾತು,
ಹತ್ತೂವಾಗ ಖಾಲಿ ಡಬ್ಬಿನೂ ಭಾರ.
ಕತ್ತಲಾಗ ನಿಂತ್ವಿ ನೋಡು,
ಕೇಜು ನಡದೈತೋ ನಿಂತೈತೋ ಒಬ್ಬನಿಗೂ ತಿಳೀಲಿಲ್ಲ.
ಹುಸೇನಪ್ಪ ಗೋಡಿಗೆ ಲೈಟ್ ಬಿಟ್ಟ.
ಕಲ್ಲು ಕೆಳಗ ಸರದ್ರ ನಾವು ಮ್ಯಾಲಕ್ಕ.
ಕಲ್ಲು ಸರೀಲೇ ಇಲ್ಲ!"
ಎಂದು ನಕ್ಕ, ಹತ್ತು ನಿಮಿಷದ ಮೋಜಿನಂತೆ.

ಎಂಟು ತಾಸಿನ ನನ್ನ ಪಾಠ
ಗಂಟಲಲ್ಲೇ ಉಳಿಯಿತು.

ಇನ್ನೊಂದು ಮಾತಿತ್ತು, ಹೇಳಲಿಲ್ಲ:
ಆಳದಲ್ಲಿ ಹೊತ್ತು ತುಸು ನಿಧಾನವಂತೆ.
ಲಾರಿ ತುಂಬ ಕಲ್ಲಿನಲ್ಲಿ ಸಿಗುವ ಬಂಗಾರಕ್ಕಿಂತ
ಎಷ್ಟೋ ಪಾಲು ಸಣ್ಣ ಅಂತರ.
ಇಪ್ಪತ್ತು ವರ್ಷ ಇಳಿದು ಹತ್ತಿದ ಯಂಕೋಬ
ನನಗಿಂತ ಅಷ್ಟು ಕಡಿಮೆ ಮುದುಕನಾಗಿದ್ದಾನೆ.
ಅವನ ಕೆಮ್ಮು ಕೇಳಿದರೆ ಯಾರೂ ನಂಬುವುದಿಲ್ಲ.
ಪಗಾರದ ಚೀಟಿಯಲ್ಲಂತೂ ಎಂಟು ತಾಸೆಂದರೆ ಎಂಟೇ ತಾಸು.

ದೀಪ ಇಸಿದುಕೊಂಡೆ. ಬಿಲ್ಲೆ ಕೊಟ್ಟೆ.
ಕೈ ಇನ್ನೂ ನಡುಗುತ್ತಿತ್ತು, ನನ್ನದು.
"ಮಗಳಿಗೆ ಏನಂತ ಹೇಳಲಿ?"
"ಬಾಯಿಲೆ ಹೇಳಬ್ಯಾಡ.
ಐತವಾರ ಬಸ್ಸಿನಾಗ ಕರಕೊಂಡು ಹೋಗು.
ಕಿಟಕಿ ಕಡಿ ಕುಂದ್ರಸು.
ಒಂದು ನಿಂಬೆಹಣ್ಣು ಒಯ್ಯಿ."