ನಾಲ್ಕನೇ ಪೆಟ್ಟು

ಅಣ್ಣನ ಮೊದಲ ಹಾಡಿನಲ್ಲಿ
ಒಂದು ನಿಮಿಷ ಹನ್ನೆರಡನೇ ಸೆಕೆಂಡಿಗೆ
ಯಾರೋ ಕೆಮ್ಮುತ್ತಾರೆ.
ಅದು ನಾನು.

ಮಂಚದ ಅಡಿ ಅಂಗಾತ ಮಲಗಿ,
ಅಪ್ಪ ಬಿಟ್ಟುಹೋದ ಕುರಿತೊಗಲಿನ ಕೋಟನ್ನು
ಪರದೆಯ ಹಾಗೆ ಇಳಿಬಿಟ್ಟು,
ಎರವಲು ಮೈಕಿಗೆ ಅಮ್ಮನ ಕಾಲುಚೀಲ ತೊಡಿಸಿ
ಬಿಲೆಗ್ಟ್ ಹಾಡುತ್ತಿದ್ದ, ಪಿಸುದನಿಗಿಂತ ತುಸು ಮೇಲೆ.
ಹೊರಗೆ ಮೈನಸ್ ಮೂವತ್ತೊಂದು.
ಗುಡ್ಡದ ನೆತ್ತಿಯಲ್ಲಿ ನಮ್ಮ ಉಣ್ಣೆಯ ಗುಡಾರ,
ಕೆಳಗೆ ಹೊಗೆ.
ಹೊಗೆಯ ಕೆಳಗೆ ಉಲಾನ್‌ಬಾತರ್ ಇದೆ ಅನ್ನುತ್ತಾರೆ.

ಹದಿನೇಳು ಸಲ ಅಳಿಸಿದ. ಹದಿನೇಳು ಸಲವೂ ಕೆಮ್ಮಿದೆ.
"ಬಾಯಿ ಮುಚ್ಕೊಳೇ ನೊಮುನ್!"
ಎದೆಗೂಡಿಗೆ ಬಾಯಿ ಎಲ್ಲಿದೆ, ಮುಚ್ಚೋದಕ್ಕೆ?
ಆಮೇಲೆ ಬೀಟು ಕೂಡಿಸಿ ಕೇಳಿಸಿಕೊಂಡ:
ಕೆಮ್ಮು ಸರಿಯಾಗಿ ನಾಲ್ಕನೇ ಪೆಟ್ಟಿಗೆ ಬಿದ್ದಿತ್ತು.
ಇರಲಿ, ಅಂದ.

ಅಜ್ಜ ಲುವ್ಸಂದೋರ್ಜ್ ಗೋಬಿ ಕಡೆಯವನು,
ಮರಿಯನ್ನು ಒಲ್ಲದ ಒಂಟೆಯನ್ನು
ಹಾಡಿ ಹಾಡಿ ಅಳಿಸಿದವನು.
ಫೋನು ಕಿವಿಗೊತ್ತಿ ಪೂರಾ ಕೇಳಿ, ಹೇಳಿದ:
"ಪ್ರಾಸ ಸಾಲಿನ ಬಾಲದಲ್ಲೇಕೋ? ತಲೆಯಲ್ಲಿರಬೇಕು.
ಕುದುರೆಯನ್ನು ಬಾಲ ಹಿಡಿದು ಮನೆಗೆ ತಂದವರುಂಟೆ?"
ಮೂರು ದಿನ ಅಣ್ಣ ಅಜ್ಜನೊಡನೆ ಮಾತಾಡಲಿಲ್ಲ.
ನಾಲ್ಕನೇ ದಿನ ಬರೆದ:

ನೀರಿನ ಸಾಲಲ್ಲಿ ನಿಂತು ಕಾಲು ಮರಗಟ್ಟಿತು,
ಊರಿನ ದೀಪ ಕೆಳಗೆ, ನಮ್ಮ ಗುಡ್ಡ ಕಪ್ಪಿಟ್ಟಿತು,
ಯಾರಿಗೂ ಹೆಸರಿಲ್ಲ ಇಲ್ಲಿ, ಕ್ಯಾನಿಗೆ ನಂಬರಿದೆ,
ಹಾರಿದ ಹೊಗೆಗೇ ಇಲ್ಲಿ ಸ್ವಂತದ ದಾರಿಯಿದೆ.

ತಲೆಗೂ ಕಟ್ಟಿದ, ಬಾಲವನ್ನೂ ಬಿಡಲಿಲ್ಲ. ಹಠಮಾರಿ.

ಇಟ್ಟುಕೊಂಡ ಹೆಸರು: ನಲವತ್ತೇಳು.
ನಾವು ನೀರು ಹಿಡಿಯುವ ಗೂಡಿನ ನಂಬರು.
ಕಂಪನಿಯಿಲ್ಲ, ಮ್ಯಾನೇಜರ್ ಇಲ್ಲ,
ಪೋಸ್ಟರ್ ಅಂಟಿಸುವವನೂ ಅವನೇ,
ಅದು ಗಾಳಿಗೆ ಕಿತ್ತರೆ ಹಿಂದೆ ಓಡುವವನೂ ಅವನೇ.
ಬಸ್ ಡ್ರೈವರುಗಳಿಗೆ ಪೆನ್‌ಡ್ರೈವ್ ಹಂಚಿದ;
ಒಬ್ಬ ಹಾಡು ಅಳಿಸಿ
ಕುಸ್ತಿಯ ಕಾಮೆಂಟರಿ ತುಂಬಿಸಿಕೊಂಡ.

ಮೊದಲ ಶೋಗೆ ಹನ್ನೊಂದು ಜನ.
ನಾಲ್ವರು ಬಾರಿನ ಕೆಲಸದವರು. ಒಬ್ಬಳು ನಾನು.
ಅಮ್ಮನಿಗೆ ಕ್ಯಾಶ್ಮಿಯರ್ ಕಾರ್ಖಾನೆಯಲ್ಲಿ ರಾತ್ರಿಪಾಳಿ.
"ಹಾಡಲ್ಲಿ ಬೈಗುಳ ಇದೆಯಾ?" ಹೊರಡುವಾಗ ಕೇಳಿದಳು.
"ಎರಡು."
"ಒಂದು ಸಾಕು."

ಬೇಸಿಗೆಗೆ ಮೊಬೈಲ್ ಕಂಪನಿಯವರು ಬಂದರು.
ಡೇಟಾ ಪ್ಯಾಕಿನ ಮೇಲೆ ಮೂವತ್ತು ಸೆಕೆಂಡು.
ಮಾಡಿದ.
ಆ ದುಡ್ಡಲ್ಲಿ ಕರೆಂಟಿನ ಹೀಟರ್ ಬಂತು, ನನ್ನ ತಲೆದೆಸೆಗೆ.
ಮಾರಿಕೊಂಡ, ಅಂದರು ಜೊತೆಯವರು
(ಅವರ ಮನೆಗಳಿಗೆ ಬಿಸಿನೀರು ಪೈಪಿನಲ್ಲಿ ಬರುತ್ತದೆ).
ಅಣ್ಣ ತಿರುಗಿ ಏನೂ ಅನ್ನಲಿಲ್ಲ.
ಟೀವಿಯಲ್ಲಿ ಅದು ಬಂದಾಗಲೆಲ್ಲ ಮಾತ್ರ
ಎದ್ದು ನೀರಿಗೆ ಹೋಗುತ್ತಿದ್ದ,
ಕ್ಯಾನು ತುಂಬಿದ್ದರೂ.

ಮತ್ತೆ ಚಳಿ ಬಂತು.
ನೀರಿನ ಗೂಡಿನ ಕಿಂಡಿಯೊಳಗೆ
ದೋಲ್ಗೊರ್ಮಾ ಚಿಲ್ಲರೆ ಎಣಿಸುತ್ತ ಗುನುಗುತ್ತಿದ್ದಳು,
ಅವನದೇ ಸಾಲು, ತಪ್ಪಾಗಿ:
ಜಾರಿದ ನೀರಿಗೇ ಇಲ್ಲಿ ಸ್ವಂತದ ದಾರಿಯಿದೆ.
ತಿದ್ದಲು ಬಾಯಿ ತೆರೆದವನು ಕಾಲ ಕೆಳಗೆ ನೋಡಿದ.
ಬೆಳಗಿನಿಂದ ಎಲ್ಲರ ಕ್ಯಾನಿಂದ ತುಳುಕಿದ್ದು
ಇಳಿಜಾರಿನಲ್ಲಿ ಹೆಪ್ಪುಗಟ್ಟಿ
ಪೇಟೆಯ ಡಾಂಬರಿನವರೆಗೂ ಹೊಳೆಯುತ್ತಿತ್ತು.
ಬಾಯಿ ಮುಚ್ಚಿದ.
"ಅಕ್ಕಾ, ಅದನ್ನ ನಾನು ತಗೊಳ್ಳಲಾ?"
"ಏನನ್ನ?" ಅಂದಳು ಅವಳು. "ಐವತ್ತು ಲೀಟರಾ?"

ರಾತ್ರಿ ಮತ್ತೆ ಮಂಚದ ಅಡಿ, ಅದೇ ಕೋಟು.
ಹೊಸ ಸಾಲು ಸರಿಯಾಗಿಯೇ ಕೂತಿತು.
ನಾಲ್ಕನೇ ಪೆಟ್ಟು ಖಾಲಿ.
ತುಂಬ ಹೊತ್ತಾದ ಮೇಲೆ ಕೆಳಗಿನಿಂದ ದನಿ:
"ನೊಮುನ್... ಒಂದೇ ಒಂದು ಸಲ..."
ಹೀಟರಿನ ಕೆಂಪು ಬೆಳಕಿನಲ್ಲಿ ನಾನು ಮಗ್ಗುಲಾದೆ.
ಬೇಕೆಂದು ಕೆಮ್ಮಿದರೆ ತಾಳ ತಪ್ಪುತ್ತೆ ಕಣೋ,
ಮಲಗು.