ಬೇಲಿಯಾಚೆ ಸವೆದ ಹುಲ್ಲು

ಅಧ್ಯಕ್ಷರೇ, ಮೂರು ನಿಮಿಷ ಕೊಟ್ಟಿದ್ದೀರಿ.
ಟೋಪಿ ತೆಗೆದಿದ್ದೇನೆ. ಬೂಟಿನ ಸುಣ್ಣ
ನಿಮ್ಮ ಕಾರ್ಪೆಟ್ಟಿಗೆ ಹತ್ತಿದ್ದರೆ ಮನ್ನಿಸಿ.

ನಾನು ತೊಯ್ವೊ ಹಕಾಲ. ಈ ಶಾಲೆಯ ಮೈದಾನಕ್ಕೆ
ಇಪ್ಪತ್ತಾರು ವರ್ಷದಿಂದ ಗೆರೆ ಎಳೆಯುವವನು.
ಸುಪೀರಿಯರ್ ಸರೋವರದ ಗಾಳಿ ನಮ್ಮಲ್ಲಿ
ಮೇ ತಿಂಗಳಲ್ಲೂ ಹಲ್ಲು ಕಟಕಟಿಸುತ್ತದೆ.
ಹಿಮ ಕರಗಿದ ಮಾರನೆಯ ದಿನವೇ ಹಗ್ಗ ಕಟ್ಟಿ,
ಕಲ್ಲಿದ್ದಲ ಬೂದಿ ಹಾಸಿದ ಹಳೆಯ ಟ್ರ್ಯಾಕಿನ ಮೇಲೆ
ಗಾಡಿ ತಳ್ಳುತ್ತೇನೆ. ಎಂಟು ಓಣಿ,
ಒಂದೂ ಸೊಟ್ಟಗಾಗಿಲ್ಲ ಈವರೆಗೆ.

ಐಲಿಯ ಮಾತು ಎತ್ತಿದ್ದೀರಲ್ಲ ಈ ಸಂಜೆ,
ಹೆಸರು ಹೇಳದೆ, ‘ಆ ವಿದ್ಯಾರ್ಥಿ’ ಅನ್ನುತ್ತ.
ಹುಟ್ಟಿದಾಗ ಹುಡುಗ ಎಂದು ಬರೆದರು;
ಬರೆದವರ ತಪ್ಪೆಂದು ಆರನೆಯ ವಯಸ್ಸಿಗೇ ಹೇಳಿದವಳು.
ಐಲಿ ಎನ್ನುವುದು ಅವಳ ಅಜ್ಜಿಯ ಹೆಸರು.
ಆ ಮುದುಕಿ ನನಗೆ ಗೊತ್ತಿತ್ತು,
ಮೈಯೆಲ್ಲ ಮೀನು ಸುಡುವ ಹೊಗೆಯ ವಾಸನೆ.
ಸಾಯುವ ಮುಂಚೆ ಮಗುವನ್ನು ಕರೆದು
‘ಬೇರೆ ಹೆಸರು ಬೇಕಾದರೆ ನನ್ನದು ತಗೋ,
ಬಹಳ ಸವೆದಿಲ್ಲ, ಇನ್ನೂ ಬಾಳಿಕೆ ಬರುತ್ತೆ’ ಅಂದಳಂತೆ,
ಕೋಟು ಬಿಚ್ಚಿ ಕೊಟ್ಟ ಹಾಗೆ.

ಎರಡು ಮೈಲಿ ಓಡುತ್ತಾಳೆ. ಗೆದ್ದಾಳೆಂದು ಭಯವೆ?
ಹೋದ ವರ್ಷ ಹದಿನಾಲ್ಕು ಜನರಲ್ಲಿ ಒಂಬತ್ತನೆಯವಳು.
ಒಮ್ಮೆ ಲೇಸು ಬಿಚ್ಚಿಕೊಂಡು ಹನ್ನೆರಡನೆಯವಳು.
ಆದರೆ ಈ ಲೆಕ್ಕ ಒಪ್ಪಿಸಲು ಬಂದವನಲ್ಲ ನಾನು.
ನಾಳೆ ಅವಳೇ ಮೊದಲು ಬಂದರೆ
ನನ್ನ ಮಾತು ತಿರುಗಬೇಕೆ?
ಸೋಲುವ ತನಕ ಇರು ಅಂತ ಹೊಸ್ತಿಲಲ್ಲಿ ನಿಲ್ಲಿಸಿ
ತುತ್ತು ಹಾಕುವುದಕ್ಕೆ ನಮ್ಮ ಮನೆಯಲ್ಲಿ
ಊಟಕ್ಕೆ ಕರೆದೆವು ಅನ್ನುತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ನಿಮ್ಮ ಕಾಗದ ಬಂತು.
ಜನನ ಪತ್ರ ಕೇಳಿದಿರಿ, ತಂದಳು.
ತಿದ್ದುವ ಮುಂಚಿನದು ಬೇಕೆಂದಿರಿ.
ಅಲ್ಲಿಯತನಕ ಬೇಲಿಯೊಳಗೆ ಕಾಲಿಡಬಾರದು.
ಗೇಟಿಗೆ ಬೀಗ ಹಾಕಿದವನು ನಾನೇ.
ಹಾಕಿದೆ, ಎಳೆದು ನೋಡಿದೆ,
ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ
ಮನೆಗೆ ಹೋಗಿ ಉಂಡೆ.

ಮರುದಿನ ಮೂರೂವರೆಗೆ ಅವಳು ಬಂದಳು.
ಬೇಲಿಯಾಚೆ, ಬರ್ಚ್ ಮರಗಳ ಬದಿಯ ಹುಲ್ಲಲ್ಲಿ
ಒಳಗಿನವರು ಸುತ್ತಿದಂತೆ ತಾನೂ ಸುತ್ತಿದಳು.
ಹೊರಸುತ್ತು ಉದ್ದ. ಅವರ ಎಂಟಕ್ಕೆ
ಇವಳದು ಹತ್ತರಷ್ಟು ದೂರ.
ಚರಂಡಿ ಬಂದಲ್ಲಿ ಹಾರುತ್ತಿದ್ದಳು.

ಗುರುವಾರ ಬ್ರಿಯೋನಿ ಲವಾಸರ್,
ಐಲಿಗಿಂತ ಒಂದು ಸ್ಥಾನ ಹಿಂದೆ ಬಂದವಳು,
ಯಾರ ಪರವಾಗಿ ನೀವು ಕಣ್ಣೀರು ಹಾಕುತ್ತಿದ್ದೀರೋ ಅವಳೇ,
ನೀರಿನ ಬಾಟಲಿ ಎತ್ತಿಕೊಂಡು ಗೇಟಿನ ತನಕ ನಡೆದಳು.
ಬೀಗ ತೆಗೆಯಿರಿ ಎಂದು ಕೇಳಲಿಲ್ಲ ನನ್ನನ್ನು.
ತಂತಿಬೇಲಿ ಹತ್ತಿ ಆಚೆ ಧುಮುಕಿದಳು. ಅಂಗಿ ಹರಿಯಿತು.
ಶುಕ್ರವಾರ ನಾಲ್ವರು. ಸೋಮವಾರದ ಹೊತ್ತಿಗೆ
ಒಳಗೆ ಕೋಚು, ಅವರ ಸೀಟಿ, ನನ್ನ ಸುಣ್ಣ.
ಹೊರಗೆ ಹನ್ನೊಂದು ಹುಡುಗಿಯರು, ಕೆಸರು,
ಯಾರದೋ ಕೆಮ್ಮು, ಯಾರದೋ ಕೇಕೆ.

ಈಗ ನನ್ನ ಹೆಸರಿಗೆ ನೋಟೀಸು:
ಬೇಲಿಯಾಚೆ ಹುಲ್ಲು ಸತ್ತು ದಾರಿ ಬಿದ್ದಿದೆ,
ಕೂಡಲೇ ಸರಿಪಡಿಸತಕ್ಕದ್ದು.
ಜೊತೆಗೆ ಬೀಜದ ಚೀಲ, ಐವತ್ತು ಪೌಂಡು.

ಆ ದಾರಿಯನ್ನು ಬಗ್ಗಿ ನೋಡಿದ್ದೇನೆ.
ಹೆಜ್ಜೆಯ ಮೇಲೆ ಹೆಜ್ಜೆ. ಐಲಿಯದು ಯಾವುದು,
ಮಣ್ಣು ನೋಡಿ ನೋಡಿ ಪಳಗಿದ ಕಣ್ಣಿಗೂ ಸಿಗಲಿಲ್ಲ.
ಒಂದು ಮಾತ್ರ ಗುರುತು ಹತ್ತಿತು:
ಎಡ ಹಿಮ್ಮಡಿ ತೇದ ದೊಡ್ಡ ಷೂ.
ಅದು ಪುಟ್ಟ ಮಾರ್ಗಿಟ್‌ಳದು,
ಅಣ್ಣನ ಹಳೆಯದು ತೊಟ್ಟು ಓಡುತ್ತಾಳೆ.

ಬೀಜ ಶೆಡ್ಡಿನಲ್ಲಿದೆ. ಇಲಿಗಳು ತಿನ್ನುತ್ತಿವೆ.
ತಿನ್ನಲಿ.
ಪಿಂಚಣಿಗೆ ಇನ್ನು ಹತ್ತು ತಿಂಗಳು;
ಅದನ್ನೂ ಯೋಚಿಸಿದ್ದೇನೆ, ಸುಳ್ಳು ಹೇಳಲಾರೆ.

ಗಂಟೆ ಬಾರಿಸಬೇಡಿ, ಮುಗಿಸಿದೆ.
ಬೀಗದ ಕೈ ಇದು, ಮೇಜಿನ ಮೇಲಿಟ್ಟಿದ್ದೇನೆ.
ತುಸು ಬಿಗಿ. ಎಡಕ್ಕೆ ತಿರುಗಿಸುವಾಗ
ಸ್ವಲ್ಪ ಮೇಲಕ್ಕೆತ್ತಬೇಕು.
ತೆರೆಯುವುದಾದರೆ ನೀವೇ ಬನ್ನಿ, ಮೂರೂವರೆಗೆ.
ಇಲ್ಲವಾದರೆ ನಾಳೆ ನಾನು
ಸುಣ್ಣದ ಗಾಡಿಯನ್ನು ಆಚೆಗೆ ತಳ್ಳುತ್ತೇನೆ.
ಚರಂಡಿಯ ಹತ್ತಿರ ನೆಲ ಸಮ ಇಲ್ಲ,
ಮೊದಲು ಒಂದು ಹಲಗೆ ಹಾಸಬೇಕು.